ಕಾಡಂಚಿನ ಊರುಗಳಿಗೆ ರಸಮೇವು ಕಲಿಸುವುದು ಹೇಗೆ? ಮೊದಲ ಮಾತಿನಿಂದ ಚೀಲ ತೆರೆಯುವ ದಿನದವರೆಗೆ

ಮಾರ್ಚ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಕಾಡಂಚಿನ ಊರಿಗೆ ಹೋಗಿ ನೋಡಿ. ಮೆದೆಯಲ್ಲಿ ರಾಗಿ ಹುಲ್ಲು ಅರ್ಧಕ್ಕೆ ಇಳಿದಿರುತ್ತದೆ. ಕಾಡಿನ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ, ಇಲ್ಲವೇ ಬೆಂಕಿಗೆ ಹೋಗಿರುತ್ತದೆ. ಬೆಳಿಗ್ಗೆ ಹೊರಟ ಹೆಂಗಸರು ಒಂದು ಹೊರೆ ಮೇವು ಹೊತ್ತು ಬರುವ ಹೊತ್ತಿಗೆ ಮಧ್ಯಾಹ್ನ. ಅದೇ ಊರಿಗೆ ಅಕ್ಟೋಬರ್‌ನಲ್ಲಿ ಹೋದರೆ ಬದುವಿನ ಮೇಲೆ ಮೊಣಕಾಲುದ್ದ ಹಸಿರು. ದನ ತಿಂದು ಮುಗಿಸಲಾಗದಷ್ಟು. ಆ ಅಕ್ಟೋಬರ್ ಹಸಿರನ್ನು ಮಾರ್ಚ್‌ಗೆ ಎತ್ತಿಡುವ ವಿದ್ಯೆಯೇ ರಸಮೇವು. ಹಸಿ ಮೇವನ್ನು ಕತ್ತರಿಸಿ, ಗಾಳಿ ಆಡದಂತೆ ಚೀಲದಲ್ಲೋ ಗುಂಡಿಯಲ್ಲೋ ಒತ್ತಿ ಮುಚ್ಚಿ, ಹುಳಿ ಬರಿಸಿ ಇಡುವುದು. ಸೈಲೇಜ್ ಅಂತಲೂ ಕರೆಯುತ್ತಾರೆ.

ರಸಮೇವು ಮಾಡುವುದು ಕಷ್ಟವಲ್ಲ. ಅದನ್ನು ಊರಿಗೆ ಕಲಿಸಿ, ಮರುವರ್ಷವೂ ಅವರೇ ಮಾಡುವಂತೆ ನೋಡಿಕೊಳ್ಳುವುದು ಕಷ್ಟ. ನಾನು ಮೊದಲು ಹೋದ ತರಬೇತಿ ಒಂದು ದಿನದ್ದು. ಬ್ಯಾನರ್ ಕಟ್ಟಿದರು, ಭಾಷಣ ಆಯಿತು, ಊಟ ಆಯಿತು. ಊರಾಚೆ ಒಂದು ದೊಡ್ಡ ಗುಂಡಿ ತೋಡಿ ಜೋಳ ತುಂಬಿ ಮುಚ್ಚಿದೆವು. ಬೇಸಿಗೆಯಲ್ಲಿ ತಿರುಗಿ ಹೋದಾಗ ಗುಂಡಿ ಹಾಗೇ ಇತ್ತು. ಅದು ಯಾರದ್ದು, ಯಾರು ತೆರೆಯಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಮಳೆನೀರು ಇಳಿದು ಮೇವೆಲ್ಲ ಕಪ್ಪಾಗಿತ್ತು. ದನಕ್ಕೆ ಮೇವು ಇಲ್ಲದ ಊರಿನಲ್ಲಿ ಅಷ್ಟು ಮೇವನ್ನು ನಾವು ಕೊಳೆಸಿದ್ದೆವು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆಮೇಲೆ ನಾನು ಹಿಡಿದುಕೊಂಡ ಮಾತು ಒಂದೇ. ತರಬೇತಿ ಮುಗಿಯುವುದು ಚೀಲ ಕಟ್ಟಿದ ದಿನ ಅಲ್ಲ. ಚೀಲ ತೆರೆದು, ಹಸು ತಿಂದು, ಮನೆಯವರು ಅದನ್ನು ಕಣ್ಣಾರೆ ಕಂಡ ದಿನ. ಈ ಮಾರ್ಗದರ್ಶಿಯನ್ನು ಅದೇ ಲೆಕ್ಕದಲ್ಲಿ ಬರೆದಿದ್ದೇನೆ. ಊರಿನ ಜಾನುವಾರುಗಳ ಆರೈಕೆಗೆ ನೆರವಾಗುವ ಪಶುಸಖಿಯರು, ಹಾಲಿನ ಡೈರಿಯವರು, ಸ್ವಸಹಾಯ ಸಂಘದವರು, ಕಾಡಂಚಿನಲ್ಲಿ ಕೆಲಸ ಮಾಡುವ ಗೆಳೆಯರು, ಎಲ್ಲರಿಗೂ ಉಪಯೋಗ ಆಗಲಿ.

ಮೊದಲು ಹೋಗಿ ಕುಳಿತುಕೊಳ್ಳಿ

ಮಲೆ ಮಹದೇಶ್ವರ ಬೆಟ್ಟದ ಸುತ್ತ 2013ರಲ್ಲಿ ವನ್ಯಜೀವಿಧಾಮ ಆಯಿತು. ಅದರೊಳಗೂ ಅಂಚಿನಲ್ಲೂ ಸೋಲಿಗರ ಪೋಡುಗಳಿವೆ (ಅವರ ಹಾಡಿಗಳು), ಬೇಡಗಂಪಣರ ಊರುಗಳಿವೆ. 2025ರ ಜೂನ್‌ನಲ್ಲಿ ಇದೇ ಕಾಡಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದವು. ಹುಲಿ ಹಿಡಿದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಮುಂದಿನ ತಿಂಗಳೇ ಕಾಡಿನಲ್ಲಿ ದನ ಮೇಯಿಸುವುದನ್ನು ನಿಲ್ಲಿಸುವ ಮಾತು ಸರ್ಕಾರದಿಂದ ಬಂತು. ಸಾಕಣೆದಾರರು ಬೀದಿಗಿಳಿದರು.

ಇಂಥ ಸಮಯದಲ್ಲಿ ನೀವು ಮೇವಿನ ಮಾತು ಎತ್ತಿದರೆ ಜನ ಮೊದಲು ಯೋಚಿಸುವುದು, ಇವರು ನಮ್ಮ ದನ ಕಾಡಿಗೆ ಹೋಗದಂತೆ ಮಾಡಲು ಬಂದವರು ಅಂತ. ಹಾಗೆ ಅನುಮಾನ ಪಡುವುದು ತಪ್ಪೂ ಅಲ್ಲ. ಹಾಗಾಗಿ ಮೊದಲ ದಿನವೇ ನೇರವಾಗಿ ಹೇಳಿ: ಮೇಯಿಸುವ ಹಕ್ಕು ಬೇರೆ ವಿಷಯ, ರಸಮೇವು ಬೇರೆ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವುದನ್ನೂ ಹಕ್ಕು ಅಂತ ಗುರುತಿಸಿದೆ. ರಸಮೇವು ಕಲಿತರೆ ಆ ಹಕ್ಕು ಬಿಟ್ಟುಕೊಟ್ಟ ಹಾಗಲ್ಲ. ಬೇಸಿಗೆಯ ನೂರು ದಿನ ಹಸು ಸೊರಗದಿರಲಿ, ಹುಲ್ಲಿಗಾಗಿ ಹೆಂಗಸರು ಆನೆ ಓಡಾಡುವ ಜಾಗಕ್ಕೆ ಹೋಗದಿರಲಿ, ಇಷ್ಟೇ ಇದರ ಉದ್ದೇಶ.

ಆಮೇಲೆ ಹೇಳುವುದನ್ನು ನಿಲ್ಲಿಸಿ, ಕೇಳಿ. ಮೇವು ತರುವವರು, ಗೊಂತಿಗೆ ಹಾಕುವವರು ಹೆಚ್ಚಾಗಿ ಹೆಂಗಸರು. ಆದ್ದರಿಂದ ಅವರಿಗೆ ಬಿಡುವು ಇರುವ ಹೊತ್ತಿಗೆ ಹೋಗಿ. ಹಾಲು ಡೈರಿಗೆ ಕೊಟ್ಟು ಬಂದ ಮೇಲೆ, ಅಥವಾ ಸಂಜೆ ದೀಪ ಹಚ್ಚುವ ಮುಂಚೆ. ನೆಲದ ಮೇಲೆ ಹನ್ನೆರಡು ಗೆರೆ ಎಳೆಯಿರಿ, ತಿಂಗಳಿಗೊಂದು. ಹುರುಳಿ ಕಾಳು ಕೊಟ್ಟು, ಯಾವ ತಿಂಗಳು ಮೇವು ಎಷ್ಟಿರುತ್ತದೆ ಅನ್ನುವುದನ್ನು ಕಾಳಿನಲ್ಲೇ ಇಡಲು ಹೇಳಿ. ಓದು ಬರಹ ಬೇಕಿಲ್ಲ. ಹತ್ತು ನಿಮಿಷದಲ್ಲಿ ಊರಿನ ಮೇವಿನ ಲೆಕ್ಕ ಎಲ್ಲರ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕಾಳು ಜಾಸ್ತಿ ಇರುವ ತಿಂಗಳು ಯಾವುದು, ಖಾಲಿ ತಿಂಗಳು ಯಾವುದು? ಮಾತು ಅಲ್ಲಿಂದ ತಾನಾಗೇ ಮುಂದೆ ಹೋಗುತ್ತದೆ.

ಕಾಳಿನಲ್ಲಿ ಯಾವ ತಿಂಗಳೂ ಜಾಸ್ತಿ ಕಾಣದಿದ್ದರೆ ಆ ಊರಿನಲ್ಲಿ ಈ ವರ್ಷ ರಸಮೇವಿನ ತರಬೇತಿ ಬೇಡ. ಮೊದಲು ಮೇವು ಬೆಳೆಸುವ ಕೆಲಸ ಆಗಲಿ. ಇವತ್ತು ತಿನ್ನಬೇಕಾದ ಮೇವನ್ನು ಕಿತ್ತು ಚೀಲಕ್ಕೆ ತುಂಬಿಸಬಾರದು.

ಎಷ್ಟು ಬೇಕು ಅನ್ನುವ ಲೆಕ್ಕ

ಎರಡು ಹಸು ಇರುವ ಮನೆ ಅಂದುಕೊಳ್ಳೋಣ. ಒಂದು ಹಸುವಿಗೆ ದಿನಕ್ಕೆ 10 ಕೆಜಿ ರಸಮೇವು, ಜೊತೆಗೆ ಒಣಹುಲ್ಲು. ನೂರು ದಿನಕ್ಕೆ 2,000 ಕೆಜಿ. ಹುಳಿ ಬರುವಾಗ, ತೆಗೆಯುವಾಗ ಒಂದಿಷ್ಟು ನಷ್ಟ ಆಗುತ್ತದೆ. ಹಾಗಾಗಿ 2,400 ಕೆಜಿ ಹಸಿ ಮೇವು ತುಂಬಬೇಕು. ಮಳೆ ನಂಬಿದ ಹೊಲದಲ್ಲಿ ಒಂದು ಗುಂಟೆ ಮುಸುಕಿನ ಜೋಳದಿಂದ 200ರಿಂದ 250 ಕೆಜಿ ಹಸಿ ಮೇವು ಬಂತು ಅಂತ ಹಿಡಿದರೆ, 10-12 ಗುಂಟೆ ಸಾಕು.

ಈ ಲೆಕ್ಕ ಕೇಳಿ ಕೆಲವರು ಹೆದರುತ್ತಾರೆ. ಮೊದಲ ವರ್ಷ ಅಷ್ಟು ಬೇಡ. ಮನೆಗೆ ಐದು ಚೀಲ ಮಾಡಲಿ ಸಾಕು. ಐದು ಚೀಲ ಕೆಟ್ಟರೂ ಯಾರ ಬದುಕೂ ಕೆಡುವುದಿಲ್ಲ.

ನಾಟಿ ದನಗಳ ಲೆಕ್ಕ ಬೇರೆ. ಈ ಬೆಟ್ಟಸಾಲಿನ ಆಲಂಬಾಡಿ, ಆಚೆ ಬದಿಯ ಬರಗೂರು ತಳಿಗಳು ಮೇಯ್ದು ಬದುಕುವ ದನಗಳು. ಅವಕ್ಕೆ ಸಂಜೆ ಕೊಟ್ಟಿಗೆಗೆ ಬಂದಾಗ ನಾಲ್ಕೈದು ಕೆಜಿ ಹಾಕಿದರೆ ಸಾಕು. ಸೀಮೆ ಹಸುವಿಗೆ ಬೇಕಾದಷ್ಟು ಅವಕ್ಕೆ ಬೇಕಿಲ್ಲ.

ಗುಂಡಿಯೋ ಚೀಲವೋ?

ಹಳೆಯ ಕೈಪಿಡಿಗಳಲ್ಲೆಲ್ಲ ಮೊದಲು ಬರುವುದು ಗುಂಡಿ. ಕಾಡಂಚಿನ ಸಣ್ಣ ಮನೆಗೆ ಗುಂಡಿ ಸರಿಹೋಗುವುದಿಲ್ಲ ಅಂತ ನಾನು ಖಚಿತವಾಗಿ ಹೇಳುತ್ತೇನೆ. ಕಾರಣ ಲೆಕ್ಕದಲ್ಲೇ ಇದೆ.

ಕಾಲಲ್ಲಿ ತುಳಿದು ತುಂಬಿದ ರಸಮೇವು ಒಂದು ಘನ ಅಡಿಗೆ ಸುಮಾರು 14-15 ಕೆಜಿ ತೂಗುತ್ತದೆ. 5 ಅಡಿ ಅಗಲ, 4 ಅಡಿ ಆಳದ ಗುಂಡಿಯಲ್ಲಿ ಒಂದು ಅಡಿ ಉದ್ದಕ್ಕೆ 290 ಕೆಜಿಯಷ್ಟು ಮೇವು ಇರುತ್ತದೆ. ಎರಡು ಹಸುವಿಗೆ ದಿನಕ್ಕೆ 20 ಕೆಜಿ ತೆಗೆದರೆ ದಿನಕ್ಕೆ ಒಂದು ಅಂಗುಲವೂ ಮುಂದೆ ಹೋಗುವುದಿಲ್ಲ. ತೆರೆದ ಮುಖಕ್ಕೆ ಗಾಳಿ ತಾಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಅದು ನಾಲ್ಕೇ ದಿನಕ್ಕೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಕನಿಷ್ಠ ನಾಲ್ಕು ಅಂಗುಲ ಮುಂದೆ ಹೋದರೆ ಮಾತ್ರ ಗುಂಡಿ ಕ್ಷೇಮ. ಅದಕ್ಕೆ ಹತ್ತು ಹಸುವಾದರೂ ಬೇಕು.

ಹಾಗಾಗಿ ಒಂದೊಂದು ಮನೆಗೆ 40-50 ಕೆಜಿಯ ಚೀಲವೇ ಸರಿ. ತೆರೆದರೆ ಎರಡು ಮೂರು ದಿನದಲ್ಲಿ ಖಾಲಿ. ಹೊತ್ತು ಸಾಗಿಸಬಹುದು, ಅಳತೆ ಗೊತ್ತಿರುತ್ತದೆ, ಒಂದು ಕೆಟ್ಟರೆ ಒಂದೇ ಕೆಡುತ್ತದೆ. ವಾಹನ ಹೋಗದ ಪೋಡುಗಳಿಗೆ ಇದು ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ನೀಲಿ ಡ್ರಮ್ ಸಿಕ್ಕರೆ ಇನ್ನೂ ಒಳ್ಳೆಯದು, ಇಲಿ ಕಾಟ ಇರುವುದಿಲ್ಲ. ಆದರೆ ಔಷಧಿ, ರಾಸಾಯನಿಕ ತುಂಬಿದ್ದ ಡ್ರಮ್ ಬೇಡವೇ ಬೇಡ.

ನಾಲ್ಕೈದು ಮನೆ ಸೇರಿ ಹತ್ತು ಹನ್ನೆರಡು ಹಸು ಇದ್ದರೆ ಗುಂಡಿ ಮಾಡಬಹುದು. ಆಗಲೂ ಒಂದೇ ಉದ್ದನೆಯ ಗುಂಡಿ ಬೇಡ. 9 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಆಳದ ನಾಲ್ಕು ಗುಂಡಿ ಮಾಡಿ. ಒಂದು ಮುಗಿದ ಮೇಲೆ ಇನ್ನೊಂದು ತೆರೆಯಿರಿ. ನೀರು ನಿಲ್ಲದ ಎತ್ತರದ ಜಾಗ ನೋಡಿ. ಗುಂಡಿ ಪಟ್ಟಾ ಜಮೀನಿನಲ್ಲೋ, ಹಕ್ಕುಪತ್ರ ಸಿಕ್ಕ ಜಮೀನಿನಲ್ಲೋ ಇರಲಿ. ಅರಣ್ಯದ ಜಾಗದಲ್ಲಿ ಅಗೆದು ಜನರನ್ನು ಕೇಸಿಗೆ ಸಿಕ್ಕಿಸಬೇಡಿ. ಇನ್ನೊಂದು ಎಚ್ಚರಿಕೆ. ಹುಳಿ ಬರುವಾಗ ಹುಟ್ಟುವ ಗಾಳಿ ತಗ್ಗಿನಲ್ಲೇ ನಿಲ್ಲುತ್ತದೆ, ಅದರಲ್ಲಿ ಉಸಿರಾಟ ಕಟ್ಟುತ್ತದೆ. ಅರ್ಧ ತುಂಬಿ ರಾತ್ರಿ ಬಿಟ್ಟ ಗುಂಡಿಗೆ ಬೆಳಿಗ್ಗೆ ಒಬ್ಬರೇ ಇಳಿಯಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು.

ಯಾವ ಮೇವು, ಯಾವ ಹದ

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನವಾಗಿ ಕಲಿಸಿ.

ಮುಸುಕಿನ ಜೋಳ ಎಲ್ಲಕ್ಕಿಂತ ಸುಲಭ. ಅದರಲ್ಲಿ ಸಕ್ಕರೆ ಅಂಶ ಇದೆ, ತಾನಾಗೇ ಹುಳಿ ಬರುತ್ತದೆ, ಬೆಲ್ಲ ಬೇಕಿಲ್ಲ. ಆಫ್ರಿಕನ್ ಟಾಲ್ ತಳಿಯನ್ನು ಮೇವಿಗೆಂದೇ ಬಿತ್ತುತ್ತಾರೆ. ಬಿತ್ತಿದ 75-90 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಆದರೆ ದಿನ ಎಣಿಸಬೇಡಿ, ತೆನೆ ಮುರಿದು ನೋಡಿ. ಕಾಳಿಗೆ ಉಗುರು ಒತ್ತಿದರೆ ನೀರು ಹಾಲು ಚಿಮ್ಮಿತೇ? ಇನ್ನೂ ಎಳೆಯದು. ಗಟ್ಟಿ ಮೊಸರಿನ ಹಾಗೆ ಬಂತೇ, ಕಾಳು ಮೇಲಿನಿಂದ ಅರ್ಧದಷ್ಟು ಗಟ್ಟಿಯಾಗಿದೆಯೇ? ಅದೇ ಹದ. ಆಗ ಗಿಡದಲ್ಲಿ ನೀರಿನ ಅಂಶ ನೂರಕ್ಕೆ 65-70 ಇರುತ್ತದೆ.

ಕಾಡಂಚಿನವರಿಗೆ ಇದರಲ್ಲಿ ಒಂದು ಲಾಭ ಇದೆ. ಕಾಳಿಗೆ ಬಿಟ್ಟ ಜೋಳ ಇನ್ನೂ ಒಂದು ತಿಂಗಳು ಹೊಲದಲ್ಲಿ ನಿಲ್ಲಬೇಕು. ಅಷ್ಟು ದಿನ ಅಟ್ಟಣೆ ಮೇಲೆ ಕುಳಿತು ಆನೆ, ಕಾಡುಹಂದಿ ಕಾಯಬೇಕು. ಮೇವಿಗೆ ಕೊಯ್ದರೆ ಆ ಒಂದು ತಿಂಗಳ ರಾತ್ರಿ ನಿದ್ದೆ ಉಳಿಯುತ್ತದೆ. ಆದರೂ ಕಾಳು ಮಾರಿ ಬದುಕುವ ಮನೆಗೆ ಇಡೀ ಹೊಲ ಮೇವಿಗೆ ಕೊಯ್ಯಿರಿ ಅಂತ ಹೇಳಬೇಡಿ. ಹಸಿ ತೆನೆ ಮಾರಿ, ಹಸಿರಿರುವಾಗಲೇ ದಂಟು ಕೊಯ್ದು ರಸಮೇವು ಮಾಡಬಹುದು. ಕಾಳು ಇಲ್ಲದ್ದರಿಂದ ಕಸುವು ಸ್ವಲ್ಪ ಕಡಿಮೆ. ನೂರು ಕೆಜಿಗೆ ಒಂದು ಕೆಜಿ ಬೆಲ್ಲ ಸೇರಿಸಿದರೆ ಹುಳಿ ಚೆನ್ನಾಗಿ ಬರುತ್ತದೆ.

ಮುಸುಕಿನ ಜೋಳ ಅಲ್ಲದೆ ಬರೀ ಜೋಳ (ಬಿಳಿಜೋಳ) ಬೆಳೆಯುವ ಕಡೆ ಹೂವು ಬಂದ ಮೇಲೆಯೇ ಕೊಯ್ಯಬೇಕು. ಎಳೆ ಜೋಳ, ಮಳೆ ಕೈಕೊಟ್ಟು ಬಾಡಿದ ಜೋಳ, ಕೂಳೆ ಚಿಗುರು ದನಕ್ಕೆ ವಿಷ ಅನ್ನುವುದು ಊರಿನವರಿಗೇ ಗೊತ್ತು. ಅವರ ಬಾಯಿಂದಲೇ ಅದನ್ನು ಹೇಳಿಸಿ.

ಬದುವಿನ ನೇಪಿಯರ್ ಹುಲ್ಲು, ಸಿಒ-4, ಸಿಒ-5 ತರಹದ್ದು, 45-60 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಅದರಲ್ಲಿ ನೀರು ಜಾಸ್ತಿ, ಸಕ್ಕರೆ ಕಡಿಮೆ. ಹಾಗೇ ತುಂಬಿದರೆ ನಾತ ಬರುತ್ತದೆ. ಬೆಳಿಗ್ಗೆ ಕೊಯ್ದು ಸಂಜೆವರೆಗೆ ಬಿಸಿಲಿಗೆ ತೆಳುವಾಗಿ ಹರಡಿ. ನೂರರಲ್ಲಿ 80 ಪಾಲು ನೀರಿರುವ 100 ಕೆಜಿ ಹುಲ್ಲು ಬಾಡಿ 67 ಕೆಜಿಗೆ ಇಳಿದರೆ, ನೀರು 70 ಪಾಲಿಗೆ ಬಂದಿದೆ ಅಂತ ಅರ್ಥ. ಒಂದು ಹೊರೆಯನ್ನು ತೂಗುಕೊಕ್ಕೆಯಲ್ಲಿ ತೂಗಿ, ಸಂಜೆ ಮತ್ತೆ ತೂಗಿ ತೋರಿಸಿ. ಆಮೇಲೆ ನೂರು ಕೆಜಿ ಬಾಡಿದ ಹುಲ್ಲಿಗೆ 2 ಕೆಜಿ ಬೆಲ್ಲ. ಬೆಲ್ಲ ಕರಗುವಷ್ಟೇ ನೀರು ಹಾಕಿ, ಎರಡು ಮೂರು ಲೀಟರ್ ಸಾಕು.

ತಾನಾಗೇ ಬೆಳೆದ ಹುಲ್ಲನ್ನು ಹೂವು ಬಿಡುವ ಮೊದಲು ಕೊಯ್ದರೆ ನೇಪಿಯರ್ ತರಹವೇ ಮಾಡಬಹುದು. ಆದರೆ ಇಲ್ಲಿ ಬಹಳ ಹುಷಾರಾಗಿರಬೇಕು. ಈ ಕಾಡುಗಳ ತುಂಬ ಲಂಟಾನ ಹಬ್ಬಿದೆ. ಹುಲ್ಲಿನ ಹೊರೆಯಲ್ಲಿ ಅದರ ಸೊಪ್ಪು ಸೇರಿಬಿಟ್ಟರೆ ದನದ ಪಿತ್ತಜನಕಾಂಗ ಕೆಡುತ್ತದೆ, ಕಾಮಾಲೆ ಆಗುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಹೊಲದಲ್ಲಿ ನಿಂತ ಲಂಟಾನವನ್ನು ದನ ಮೂಸಿ ಬಿಡುತ್ತದೆ. ಕತ್ತರಿಸಿ ಬೆರೆಸಿದ ಮೇಲೆ ಅದಕ್ಕೆ ಬೇರ್ಪಡಿಸಲು ಆಗುವುದಿಲ್ಲ. ಕಾಂಗ್ರೆಸ್ ಗಿಡವೂ ಹಾಗೇ. ಕತ್ತರಿಸುವ ಮುಂಚೆ ಒಂದೊಂದು ಹೊರೆಯನ್ನೂ ಬಿಚ್ಚಿ ನೋಡಲು ಇಬ್ಬರನ್ನು ಕೂರಿಸಿ. ಗಿಡ ಗುರುತಿಸುವುದರಲ್ಲಿ ಸೋಲಿಗ ಹೆಂಗಸರ ಕಣ್ಣು ನಮ್ಮದಕ್ಕಿಂತ ಚುರುಕು. ಆ ಕೆಲಸಕ್ಕೆ ಅವರೇ ಮೇಷ್ಟ್ರಾಗಲಿ.

ಜೋಳದ ಜಾತಿಯ ಮೇವಿನಲ್ಲಿ ಪ್ರೋಟೀನ್ ಕಡಿಮೆ. ಅಲಸಂದೆ ಬಳ್ಳಿ, ಅಗಸೆ ಸೊಪ್ಪು ಇದ್ದರೆ ನಾಲ್ಕರಲ್ಲಿ ಒಂದು ಪಾಲು ಬೆರೆಸಿ. ಅದಕ್ಕಿಂತ ಹೆಚ್ಚು ಬೇಡ, ಹುಳಿ ಬರುವುದು ನಿಧಾನ ಆಗುತ್ತದೆ. ಯೂರಿಯಾ ಬೆರೆಸುವ ವಿಧಾನವೂ ಇದೆ. ನಾನು ಮೊದಲ ವರ್ಷ ಅದನ್ನು ಕಲಿಸುವುದಿಲ್ಲ. ಅಳತೆ ತಪ್ಪಿದರೆ ಹಸು ಸಾಯುತ್ತದೆ.

ಕೈಮುದ್ದೆ ಪರೀಕ್ಷೆ

ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಡಿದು ಅರ್ಧ ನಿಮಿಷ ಬಿಗಿಯಾಗಿ ಒತ್ತಿ, ಕೈ ಬಿಚ್ಚಬೇಕು. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದರೆ ನೀರು ಜಾಸ್ತಿ, ಇನ್ನೂ ಬಾಡಿಸಿ. ಮುದ್ದೆ ಪಟ್ಟನೆ ಉದುರಿಹೋದರೆ ಒಣಗಿದೆ, ಸ್ವಲ್ಪ ಹಸಿ ಮೇವು ಬೆರೆಸಿ. ಕೈ ತೇವ ಆಗಿದೆ, ರಸ ಸುರಿಯಲಿಲ್ಲ, ಮುದ್ದೆ ನಿಧಾನವಾಗಿ ಬಿಚ್ಚಿಕೊಂಡಿತು ಅಂದರೆ ಸರಿಯಾದ ಹದ.

ಯಂತ್ರ ಏನೂ ಬೇಡ. ರಾಗಿ ಮುದ್ದೆಯ ಹದ ಕೈಯಲ್ಲೇ ತಿಳಿಯುವವರಿಗೆ ಇದು ಒಂದೇ ಸಲಕ್ಕೆ ಹತ್ತುತ್ತದೆ. ಬಂದವರೆಲ್ಲರೂ ಮಾಡಿ ನೋಡಲೇಬೇಕು. ಹಿಂದೆ ನಿಂತು ನೋಡುವ ಹುಡುಗಿಯನ್ನೂ ಮುಂದೆ ಕರೆಯಿರಿ.

ಚೀಲ ತುಂಬುವ ದಿನ

ಹನ್ನೆರಡರಿಂದ ಹದಿನೈದು ಜನ ಇದ್ದರೆ ಸಾಕು. ಐದೈದು ಜನರ ಗುಂಪು ಮಾಡಿ, ಗುಂಪಿಗೆ ಮೂರು ಚೀಲ. 400 ಕೆಜಿ ಮೇವು ಬೇಕಾಗುತ್ತದೆ. ಈ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಆಗಸ್ಟ್‌ನಲ್ಲಿ ಬಿತ್ತಿದ ಮುಸುಕಿನ ಜೋಳ ನವೆಂಬರ್ ಹೊತ್ತಿಗೆ ಹದಕ್ಕೆ ಬಂದರೆ ಕೆಲಸ ಸಲೀಸು. ಮಳೆ ಬರುವಂತಿದ್ದರೆ ದಿನ ಮುಂದೂಡಿ. ಬಂದ ಅತಿಥಿಗಳಿಗಾಗಿ ಒದ್ದೆ ಮೇವು ತುಂಬಬೇಡಿ.

ಬೇಕಾದ ಸಾಮಾನು: ಕುಡುಗೋಲು, ಕೈಯಿಂದ ತಿರುಗಿಸಿ ಮೇವು ಕತ್ತರಿಸುವ ಚಾಫ್ ಕಟರ್, ದೊಡ್ಡ ಟಾರ್ಪಾಲು, ಗಟ್ಟಿ ಬೂಸಾ ಚೀಲ, ಅದರೊಳಗೆ ಹಾಕಲು ದಪ್ಪ 100 ಮೈಕ್ರಾನ್‌ಗೆ ಕಡಿಮೆ ಇಲ್ಲದ ಪ್ಲಾಸ್ಟಿಕ್ ಚೀಲ, ಹಳೆ ಟ್ಯೂಬಿನ ಪಟ್ಟಿ ಅಥವಾ ಸೆಣಬಿನ ಹುರಿ, ತೂಗುಕೊಕ್ಕೆ, ಬೆಲ್ಲ, ಕಲ್ಲುಪ್ಪು. ಗೊಬ್ಬರದ ಚೀಲ ಬೇಡ.

ಕೆಲಸ ಶುರು ಮಾಡುವ ಮೊದಲು ಚಾಫ್ ಕಟರ್ ಬಗ್ಗೆ ಮಾತಾಡಿ. ಇದನ್ನು ಅವಸರದಲ್ಲಿ ಮುಗಿಸಬೇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಜಡೆ ಎತ್ತಿ ಕಟ್ಟಬೇಕು, ಬಳೆ ಮೇಲೆ ಸರಿಸಬೇಕು. ಮೇವು ತಳ್ಳುವವರು ಒಬ್ಬರೇ, ತಿರುಗಿಸುವವರು ಒಬ್ಬರೇ. ಮೇವು ಸಿಕ್ಕಿಕೊಂಡರೆ ಚಕ್ರ ಪೂರ್ತಿ ನಿಂತ ಮೇಲೆ ಬಿಡಿಸಬೇಕು. ಮಕ್ಕಳು ಅಂಗಳದಿಂದ ಆಚೆ. ಈ ಯಂತ್ರಕ್ಕೆ ಬೆರಳು ಕೊಟ್ಟವರು ಬಹಳ ಜನ.

ಮೇವನ್ನು ಒಂದರಿಂದ ಎರಡು ಸೆಂಟಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು ಉದ್ದಕ್ಕೆ ಕತ್ತರಿಸಿ. ಉದ್ದ ತುಂಡುಗಳ ನಡುವೆ ಗಾಳಿ ಉಳಿಯುತ್ತದೆ. ಎಲ್ಲವೂ ಟಾರ್ಪಾಲಿನ ಮೇಲೆಯೇ ಬೀಳಲಿ. ಮಣ್ಣು, ಸಗಣಿ ತಾಗಿದರೆ ಅದರಲ್ಲಿರುವ ಕೆಟ್ಟ ಸೂಕ್ಷ್ಮಜೀವಿಗಳು ಮೇವನ್ನು ನಾರಿಸುತ್ತವೆ. ಹುಲ್ಲಾದರೆ ಬೆಲ್ಲದ ನೀರು ಚಿಮುಕಿಸಿ ಚೆನ್ನಾಗಿ ಹೊರಳಾಡಿಸಿ. ಉಪ್ಪು ನೂರು ಕೆಜಿಗೆ ಅರ್ಧ ಕೆಜಿ ಸಾಕು. ಹಾಕದಿದ್ದರೂ ನಡೆಯುತ್ತದೆ.

ಈಗ ಯಾಕೆ ಹೀಗೆ ಮಾಡುತ್ತೇವೆ ಅಂತ ಹೇಳುವ ಹೊತ್ತು. ನಿಂಬೆಕಾಯಿ ಉಪ್ಪಿನಕಾಯಿಯ ಮಾತಿನಿಂದ ಶುರು ಮಾಡಿ. ಜಾಡಿಗೆ ಹಾಕಿ ಯಾಕೆ ಒತ್ತುತ್ತೀರಿ ಅಕ್ಕ? ಬಟ್ಟೆ ಕಟ್ಟಿ ಬಾಯಿ ಯಾಕೆ ಮುಚ್ಚುತ್ತೀರಿ? ಗಾಳಿ ಆಡಿದರೆ ಬೂಷ್ಟು ಬರುತ್ತದೆ ಅಂತ ಅವರೇ ಹೇಳುತ್ತಾರೆ. ಮೇವಿನದ್ದೂ ಅದೇ. ಗಾಳಿ ಇಲ್ಲದ ಕಡೆ, ಎಲೆಗೆ ಅಂಟಿಕೊಂಡೇ ಇರುವ ಒಳ್ಳೆಯ ಸೂಕ್ಷ್ಮಜೀವಿಗಳು ಸಕ್ಕರೆ ತಿಂದು ಹುಳಿ ಮಾಡುತ್ತವೆ. ಮೊಸರು ಹುಳಿ ಬರುವುದೂ ಅಂಥವುಗಳಿಂದಲೇ. ಆ ಹುಳಿಯಲ್ಲಿ ಕೆಡಿಸುವ ಜೀವಿಗಳು ಬದುಕುವುದಿಲ್ಲ.

ತುಂಬುವ ಕ್ರಮ ಹೀಗೆ. ಪ್ಲಾಸ್ಟಿಕ್ ಚೀಲವನ್ನು ಬೂಸಾ ಚೀಲದೊಳಗೆ ಇಟ್ಟು, ಒಂದು ಗೇಣು ಮೇವು ಹಾಕಿ, ಮುಷ್ಟಿಯಿಂದ ಗುದ್ದಿ ಒತ್ತಿ. ಮೂಲೆಗಳನ್ನು ಮರೆಯಬೇಡಿ, ಗಾಳಿ ಉಳಿಯುವುದು ಅಲ್ಲೇ. ಮತ್ತೆ ಒಂದು ಗೇಣು, ಮತ್ತೆ ಗುದ್ದು. ಕಾಲು ತೊಳೆದ ಒಬ್ಬರು ಮೆಲ್ಲಗೆ ಚೀಲದೊಳಗೆ ನಿಂತು ತುಳಿಯಬಹುದು. ಬೆರಳು ಒತ್ತಿದರೆ ಒಳಗೆ ಹೋಗಬಾರದು, ಅಷ್ಟು ಗಟ್ಟಿ ಆಗಬೇಕು. ತುಂಬಿದ ಮೇಲೆ ಮೇಲಿಂದ ಒತ್ತಿ ಗಾಳಿ ಹೊರಡಿಸಿ, ಪ್ಲಾಸ್ಟಿಕ್ಕಿನ ಬಾಯಿ ತಿರುಚಿ, ಮಡಿಸಿ, ಟ್ಯೂಬಿನಿಂದ ಬಿಗಿದು ಕಟ್ಟಿ. ಆಮೇಲೆ ಹೊರಚೀಲ ಹೊಲಿಯಿರಿ. ಶುರು ಮಾಡಿದ ಚೀಲ ಅವತ್ತೇ ಮುಗಿಯಬೇಕು. ಮೇಲೆ ದಿನಾಂಕ, ಮೇವಿನ ಹೆಸರು, ಮನೆಯವರ ಹೆಸರು ಬರೆಯಿರಿ. ಓದಲು ಬಾರದವರು ಬಣ್ಣದ ದಾರ ಕಟ್ಟಿಕೊಳ್ಳಲಿ.

ಇನ್ನೊಂದು ಕೆಲಸ ತಪ್ಪದೇ ಮಾಡಿ. ಬೇಕೆಂದೇ ಒಂದು ಸಣ್ಣ ಚೀಲವನ್ನು ಕೆಟ್ಟದಾಗಿ ಕಟ್ಟಿ. ಹದಿನೈದು ಕೆಜಿ ಸಾಕು. ಉದ್ದುದ್ದ ತುಂಡು, ಸಡಿಲ ತುಂಬು, ಬಾಯಿ ಸುಮ್ನೆ ಕಟ್ಟು. ಅದರ ಮೇಲೆ ದೊಡ್ಡ ಇಂಟು ಗುರುತು ಹಾಕಿ. ಅದು ಯಾಕೆ ಅಂತ ಆಗಲೇ ಹೇಳಿಬಿಡಿ: ತೆರೆಯುವ ದಿನ ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ.

ನಲವತ್ತೈದು ದಿನ

21 ದಿನಕ್ಕೆ ಹುಳಿ ಬಂದಿರುತ್ತದೆ. ಆದರೂ 45 ದಿನ ಬಿಡಿ. ಮೊದಲ ಎರಡು ದಿನ ಚೀಲ ಸ್ವಲ್ಪ ಉಬ್ಬಬಹುದು, ಹೆದರುವುದು ಬೇಡ. ಗಾಳಿ ಬಿಡಲು ಅಂತ ತೂತು ಮಾಡಬಾರದು.

ಚೀಲಗಳು ನೆರಳಿನಲ್ಲಿ, ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ ಇರಲಿ. ಇಲಿ ಕೊರೆಯುವುದು ಗೋಡೆ ಬದಿಯಿಂದ. ತೂತು ಕಂಡ ಕೂಡಲೇ ಒರೆಸಿ ಟೇಪು ಅಂಟಿಸಬೇಕು. ತೂತು ದೊಡ್ಡದಾದರೆ ಆ ಚೀಲವನ್ನೇ ಮೊದಲು ತೆರೆದು ಬಳಸಿ. ವಾರಕ್ಕೊಮ್ಮೆ ನೋಡಿ ಹೇಳುವ ಹೊಣೆಯನ್ನು ಊರಿನ ಇಬ್ಬರು ಹೆಂಗಸರಿಗೆ ಕೊಡಿ. ನೀವೂ ಮಧ್ಯೆ ಒಂದು ಸಲ ಹೋಗಿ ಬನ್ನಿ.

ಆನೆ ವಿಷಯ ಮರೆಯಬಾರದು. ಬೆಲ್ಲ, ಉಪ್ಪು, ಹುಳಿ ವಾಸನೆ, ಮೂರೂ ಆನೆಯನ್ನು ಸೆಳೆಯುತ್ತವೆ. ಉಳಿದ ಬೆಲ್ಲ, ಬೆಲ್ಲದ ನೀರು ಕೊಟ್ಟಿಗೆಯಲ್ಲಿ ಬಿಡಬೇಡಿ, ಪಾತ್ರೆ ತೊಳೆದಿಡಿ. ಕಾಡಿನ ಕಡೆಗಿರುವ ಒಂಟಿ ಗುಡಿಸಲಿನಲ್ಲಿ ಚೀಲ ಪೇರಿಸಬೇಡಿ. ಜನ ಮಲಗುವ ಕೋಣೆಯಲ್ಲೂ ಬೇಡ. ಊರ ನಡುವಿನ ಭದ್ರವಾದ ಕಟ್ಟಡ ಸಿಕ್ಕರೆ ಅದೇ ಸರಿ.

ತೆರೆಯುವ ದಿನ ನೀವು ಅಲ್ಲಿರಬೇಕು

ಅವತ್ತು ತುಂಬಿದವರೆಲ್ಲ ಇರಲಿ. ಬಾರದವರೂ ಬರಲಿ. ಎರಡು ಚೀಲವನ್ನೂ ಟಾರ್ಪಾಲಿನ ಮೇಲೆ ಸುರಿಯಿರಿ.

ಒಳ್ಳೆಯದು ಹೊಂಬಣ್ಣ ಬೆರೆತ ಹಸಿರು. ವಾಸನೆ ಹುಳಿಮಜ್ಜಿಗೆ, ಕಳಿತ ಹಣ್ಣಿನ ಹಾಗೆ. ಎಲೆ ಎಲೆಯಾಗಿಯೇ ಕಾಣುತ್ತದೆ, ಕೈಗೆ ಅಂಟುವುದಿಲ್ಲ. ಹುಳಿ ಅಳೆಯುವ ಪಿಎಚ್ ಕಾಗದ ಇದ್ದರೆ 3.8ರಿಂದ 4.2 ತೋರಿಸುತ್ತದೆ. ಕೆಟ್ಟದ್ದರಲ್ಲಿ ಬಿಳಿ, ನೀಲಿ ಬೂಷ್ಟು. ಕಂದು ಬಣ್ಣಕ್ಕೆ ತಿರುಗಿ ಹೊಗೆಸೊಪ್ಪಿನ ವಾಸನೆ ಬಂದರೆ ಒಳಗೆ ಬಿಸಿ ಏರಿತ್ತು ಅಂತ. ಲೋಳೆಯಾಗಿ ಮೂಗು ಮುಚ್ಚುವಂತೆ ನಾರಿದರೆ ನೀರು ಜಾಸ್ತಿ ಇತ್ತು, ಇಲ್ಲವೇ ಮಣ್ಣು ಸೇರಿತ್ತು. ಯಾರ ಚೀಲ ಕೆಟ್ಟಿದ್ದರೂ ಅವರನ್ನು ಎಲ್ಲರೆದುರು ನಾಚಿಸಬೇಡಿ. ಯಾಕೆ ಹೀಗಾಗಿರಬಹುದು ಅಂತ ಗುಂಪನ್ನೇ ಕೇಳಿ.

ಬೂಷ್ಟು ಹಿಡಿದದ್ದನ್ನು ಯಾವ ಜಾನುವಾರಿಗೂ ಕೊಡಬೇಡಿ. ಗಬ್ಬದ ಹಸು ಕಂದು ಹಾಕಬಹುದು, ಆಡು ಕುರಿಗಳಿಗೆ ಮಿದುಳಿನ ಕಾಯಿಲೆ ಬರಬಹುದು. ಅದು ಗೊಬ್ಬರದ ಗುಂಡಿಗೆ ಹೋಗಿ, ಮೇಲೆ ಮಣ್ಣು ಬೀಳಲಿ. ಬಯಲಲ್ಲಿ ಎಸೆದರೆ ಕಡವೆ, ಹಂದಿ ಬರುತ್ತವೆ.

"ಹುಳಿ ವಾಸ್ನೆ ಮೇವ ದನ ತಿಂದವಾ?" ಅಂತ ಒಬ್ಬರಾದರೂ ಕೇಳುತ್ತಾರೆ. ಮಾತಿನಲ್ಲಿ ಉತ್ತರ ಕೊಡಬೇಡಿ, ಹಸುವಿನ ಮುಂದೆ ಇಡಿ. ಕೆಲವು ದನ ಮೊದಲ ದಿನ ಮೂಸಿ ಹಿಂದೆ ಸರಿಯುತ್ತವೆ. ಮೇಲೆ ಒಂದು ಹಿಡಿ ಬೂಸಾ ಉದುರಿಸಿ, ರಾಗಿ ಹುಲ್ಲಿನ ಜೊತೆ ಕಲಸಿ ಇಡಿ. ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಚೀಲದ ಸದ್ದು ಕೇಳಿದರೇ ತಲೆ ಎತ್ತುತ್ತವೆ.

ತಿನ್ನಿಸುವ ಕ್ರಮ

ಮೊದಲ ದಿನ ಒಂದೆರಡು ಕೆಜಿ. ವಾರ ಹತ್ತು ದಿನದಲ್ಲಿ ನಿಧಾನವಾಗಿ 10 ಕೆಜಿಗೆ ಏರಿಸಿ. ಚೆನ್ನಾಗಿ ಹಾಲು ಕೊಡುವ ದೊಡ್ಡ ಹಸುವಿಗೆ 15-20 ಕೆಜಿವರೆಗೂ ಕೊಡಬಹುದು. ಒಣಹುಲ್ಲು ಜೊತೆಗೆ ಇರಲೇಬೇಕು. ಹಿಂಡಿ, ಖನಿಜ ಮಿಶ್ರಣ ನಿಲ್ಲಿಸಬಾರದು. ಆರು ತಿಂಗಳೊಳಗಿನ ಕರುವಿಗೆ ಬೇಡ. ಆಡಿಗೆ ಅರ್ಧದಿಂದ ಒಂದು ಕೆಜಿ. ಹಾಲು ಕರೆದ ಮೇಲೆ ಹಾಕಿ. ಮುಂಚೆ ಹಾಕಿದರೆ ಹಾಲಿಗೆ ವಾಸನೆ ಹತ್ತಿ ಡೈರಿಯಲ್ಲಿ ತಕರಾರು ಬರುತ್ತದೆ. ಬೇಕಾದಷ್ಟು ತೆಗೆದು ತಕ್ಷಣ ಬಾಯಿ ಕಟ್ಟಿ. ಗೊಂತಿಯಲ್ಲಿ ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ.

ಮರುವರ್ಷಕ್ಕೆ

ಎರಡನೇ ಸಲ ಚೀಲ ತುಂಬುವಾಗ ನೀವು ಕೈ ಹಾಕಬೇಡಿ, ಪಕ್ಕದಲ್ಲಿ ಕೂತಿರಿ. ಚೆನ್ನಾಗಿ ಕೈ ಕುದುರಿದ ಇಬ್ಬರನ್ನು ಪಕ್ಕದ ಪೋಡಿಗೆ ಕಲಿಸಲು ಕರೆದುಕೊಂಡು ಹೋಗಿ. ಅವರ ಆ ದಿನದ ಕೂಲಿಯನ್ನು ಕೊಟ್ಟೇ ಕರೆದೊಯ್ಯಿರಿ. ಚಾಫ್ ಕಟರ್ ಸಂಘದ ಹೆಸರಿನಲ್ಲಿರಲಿ. ಯಾರು ಯಾವ ದಿನ ಬಳಸಿದರು, ಅಲಗು ಮಸೆಯಲು ಎಷ್ಟು ಹಣ ಕೂಡಿತು ಅಂತ ಒಂದು ಪುಸ್ತಕ ಇರಲಿ. ಮೇವಿನ ಬೀಜ, ನೇಪಿಯರ್ ತುಂಡು ಬೇಕಾದರೆ ಹಾಲು ಒಕ್ಕೂಟದಲ್ಲಿ, ಪಶುಪಾಲನಾ ಇಲಾಖೆಯಲ್ಲಿ, ಚಾಮರಾಜನಗರದ ಹತ್ತಿರ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ.

ಖಾಲಿ ಪ್ಲಾಸ್ಟಿಕ್ ಚೀಲಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ. ಉಪ್ಪು, ಬೆಲ್ಲದ ರುಚಿ ಹತ್ತಿದ ಪ್ಲಾಸ್ಟಿಕ್ ಕಾಡಿಗೆ ಹಾರಿಹೋದರೆ ಜಿಂಕೆ, ಆನೆ ಅದನ್ನು ತಿನ್ನುತ್ತವೆ. ಊರ ದನವೂ ತಿನ್ನುತ್ತದೆ. ತೂತಿಲ್ಲದ್ದನ್ನು ತೊಳೆದು ಒಣಗಿಸಿ ಮತ್ತೆ ಬಳಸಿ, ಹರಿದದ್ದು ಗುಜರಿಗೆ ಹೋಗಲಿ.

ಮೇ ಕೊನೆಗೆ, ಮೊದಲ ಮಳೆ ಬಿದ್ದ ಮೇಲೆ, ಒಂದು ಸಲ ಮನೆ ಮನೆಗೆ ಹೋಗಿ. ಚೀಲ ಎಷ್ಟು ದಿನ ಬಂತು? ಎಷ್ಟು ಕೆಟ್ಟಿತು? ಕಾಡಿಗೆ ಹುಲ್ಲಿಗೆ ಹೋಗುವುದು ವಾರಕ್ಕೆ ಎಷ್ಟು ದಿನ ತಪ್ಪಿತು? ಈ ಮೂರು ಉತ್ತರ ಬರೆದುಕೊಳ್ಳಿ. ಮತ್ತೆ ಅದೇ ಅಂಗಳದಲ್ಲಿ ಹನ್ನೆರಡು ಗೆರೆ ಎಳೆದು, ಹುರುಳಿ ಕಾಳು ಕೊಡಿ. ಮುಂದಿನ ಆಗಸ್ಟ್‌ಗೆ ಯಾರು ಎಷ್ಟು ಗುಂಟೆ ಬಿತ್ತಬೇಕು ಅನ್ನುವ ಮಾತು ಅವತ್ತೇ ಆಗಲಿ.